ಮೊದಲ ವರ್ಷವೇ 24 ತಿಂಗಳಿಗೆ ಸಹಿ ಬೇಡ

ಜರ್ಮನಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸಾಮಾನ್ಯವಾಗಿ ಮೊದಲ ಆರು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟರೆ ಸಾಕು, ಕಂಪನಿ ನೌಕರರನ್ನು ಬಿಡಬಹುದು, ನೌಕರರು ಕಂಪನಿಯನ್ನು ಬಿಡಬಹುದು. ಅವಧಿ ನಿಗದಿಯಾಗದ ಬಾಡಿಗೆ ಮನೆಯನ್ನು ಮೂರು ತಿಂಗಳ ನೋಟಿಸ್ ಕೊಟ್ಟು ಖಾಲಿ ಮಾಡಬಹುದು. ಅದೇ ಮನೆಗೆ ಹಾಕಿಸಿಕೊಳ್ಳುವ ಇಂಟರ್ನೆಟ್ ಕನೆಕ್ಷನ್ನಿಗೆ ಮಾತ್ರ ಹೊಸಬರು 24 ತಿಂಗಳ ಕರಾರಿಗೆ ಸಹಿ ಹಾಕಿಬಿಡುತ್ತಾರೆ. ಊರು, ಭಾಷೆ, ವೀಸಾ, ಬ್ಯಾಂಕು ಎಲ್ಲವೂ ಹೊಸದಾಗಿರುವ, ಮುಂದಿನ ವರ್ಷ ಯಾವ ಬಡಾವಣೆಯಲ್ಲಿ ಇರುತ್ತೇವೆಂದು ತಮಗೇ ಗೊತ್ತಿಲ್ಲದ ಕಾಲದಲ್ಲಿ ಅವರು ಮಾಡಿಕೊಳ್ಳುವ ಕರಾರುಗಳಲ್ಲಿ ಇದರಷ್ಟು ಕಾಲ ಕಟ್ಟಿಹಾಕುವುದು ಇನ್ನೊಂದಿರಲಾರದು. ಅದಕ್ಕೆ ಕೊಡುವ ಯೋಚನೆ ಮಾತ್ರ ಒಂದು ಸಂಜೆಯದ್ದು. ಆದ್ದರಿಂದ ಈ ಲೇಖನದ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಪರದೇಶದ ಮೊದಲ ವರ್ಷದಲ್ಲಿ ಮನೆಯ ಇಂಟರ್ನೆಟ್ ಆರಿಸುವಾಗ ಮೊದಲು ನೋಡಬೇಕಾದದ್ದು ವೇಗವನ್ನಲ್ಲ, ದರವನ್ನಲ್ಲ, ಕಂಪನಿಯ ಹೆಸರನ್ನೂ ಅಲ್ಲ. ಬೇಡವೆನಿಸಿದ ದಿನ ಅದರಿಂದ ಹೊರಬರುವುದು ಎಷ್ಟು ಸುಲಭ ಎಂಬುದನ್ನು ನೋಡಬೇಕು.

ಇದು ಕನ್ನಡದ ಪತ್ರಿಕೆಯಲ್ಲಿ ಚರ್ಚೆಯಾಗಬೇಕಾದ ವಿಷಯವೇ ಎಂದು ಕೆಲವರು ಕೇಳಬಹುದು. ಖಂಡಿತ ಹೌದು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಅತಿ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಬಾಷ್, ಸೀಮೆನ್ಸ್, ಎಸ್‌ಎಪಿಯಂಥ ಕಂಪನಿಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿವೆ, ಅಲ್ಲಿಂದ ಸ್ಟುಟ್‌ಗಾರ್ಟ್, ಮ್ಯೂನಿಕ್‌ಗಳಿಗೆ ಹೋಗುವವರ ಸಾಲು ನಿಂತಿಲ್ಲ. ಕರ್ನಾಟಕ ಮತ್ತು ಬವೇರಿಯಾ ರಾಜ್ಯಗಳ ನಡುವೆ 2007ರಿಂದಲೂ ಸಹಭಾಗಿತ್ವದ ಒಪ್ಪಂದವಿದೆ. ಹೀಗೆ ಹೋಗುವವರು ತಮ್ಮ ಜೊತೆ ಇಲ್ಲಿನ ಒಂದು ಅಭ್ಯಾಸವನ್ನೂ ಒಯ್ಯುತ್ತಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬ್ರಾಡ್‌ಬ್ಯಾಂಡ್ ಬೇಕೆಂದರೆ ಫೋನ್ ಮಾಡುತ್ತೇವೆ, ಒಂದೆರಡು ದಿನದಲ್ಲಿ ಹುಡುಗರು ಬಂದು ಕಂಬದಿಂದ ಕೇಬಲ್ ಎಳೆದು ಹೋಗುತ್ತಾರೆ. ಹಣ ಹೆಚ್ಚಾಗಿ ಮುಂಗಡ. ಬೇಡವೆಂದರೆ ಮುಂದಿನ ತಿಂಗಳು ರೀಚಾರ್ಜ್ ಮಾಡುವುದಿಲ್ಲ, ಅಲ್ಲಿಗೆ ಮುಗಿಯಿತು. ಹಣ ಕಟ್ಟದಿದ್ದರೆ ಸೇವೆ ತಾನಾಗಿಯೇ ನಿಲ್ಲುತ್ತದೆ ಎಂಬ ಈ ನಂಬಿಕೆಯೇ ಜರ್ಮನಿಯಲ್ಲಿ ಅಪಾಯಕ್ಕೆ ದಾರಿ. ಅಲ್ಲಿ ಹಣ ಕಟ್ಟದಿದ್ದರೆ ಕರಾರು ಮುಗಿಯುವುದಿಲ್ಲ, ಸಾಲ ಶುರುವಾಗುತ್ತದೆ. ಮೊದಲು ಜ್ಞಾಪನ ಪತ್ರ, ಆಮೇಲೆ ದಂಡದ ಪತ್ರ, ಆಮೇಲೆ ವಸೂಲಿ ಸಂಸ್ಥೆಯ ಪತ್ರ ಬರುತ್ತದೆ. ಕರಾರು ಮುರಿದದ್ದು ಗ್ರಾಹಕರ ತಪ್ಪಿನಿಂದ ಎಂದಾದರೆ ಉಳಿದ ತಿಂಗಳುಗಳ ಬಾಬ್ತು ಕಂಪನಿ ಪರಿಹಾರವನ್ನೂ ಕೇಳಬಹುದು. ಕೊನೆಗೆ ಅದು ಶೂಫಾ ಎಂಬ ಸಾಲದ ದಾಖಲೆ ಸಂಸ್ಥೆಗೆ ಹೋಗಿ ಕೂತರೆ, ಮುಂದೆ ಮನೆ ಹುಡುಕುವಾಗ ಪ್ರತಿ ಮಾಲೀಕರ ಮುಂದೆಯೂ ಆ ಕಪ್ಪುಚುಕ್ಕೆ ಎದ್ದು ಕಾಣುತ್ತದೆ. ಬಾಕಿ ತೀರಿಸಿದ ಮೇಲೂ ಅದು ಕೂಡಲೇ ಅಳಿಯುವುದಿಲ್ಲ. ಮ್ಯೂನಿಕ್ಕಿನಂಥ ಊರಿನಲ್ಲಿ ಒಂದೊಂದು ಮನೆಗೂ ಹತ್ತಾರು ಅರ್ಜಿ ಬೀಳುವಾಗ ಇದು ಸಣ್ಣ ಮಾತಲ್ಲ.

ಸರಿ, ದೀರ್ಘ ಕರಾರು ಮಾಡಿಕೊಳ್ಳುವವರು ಕನಿಷ್ಠ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಳ್ಳುತ್ತಾರೆಯೇ? ತಿಳಿಯಲು ಸಾಧ್ಯವೇ ಇಲ್ಲ ಎಂಬುದು ನನ್ನ ವಾದದ ಮುಖ್ಯ ಆಧಾರ. ಕಾರಣ ಆ ದೇಶದ ತಂತಿಗಳ ಇತಿಹಾಸದಲ್ಲಿದೆ. 1981ರಲ್ಲಿ ಹೆಲ್ಮುಟ್ ಶ್ಮಿಟ್ ಅವರ ಸರ್ಕಾರ ಪಶ್ಚಿಮ ಜರ್ಮನಿಯ ತುಂಬ ಆಪ್ಟಿಕಲ್ ಫೈಬರ್ ಎಳೆಯುವ ದೀರ್ಘಾವಧಿ ಯೋಜನೆ ಹಾಕಿಕೊಂಡಿತ್ತು. ಮರುವರ್ಷ ಅಧಿಕಾರಕ್ಕೆ ಬಂದ ಹೆಲ್ಮುಟ್ ಕೋಲ್ ಅವರ ಸರ್ಕಾರ ಅದನ್ನು ಬದಿಗಿಟ್ಟು ಟಿವಿ ಚಾನೆಲ್‌ಗಳಿಗಾಗಿ ತಾಮ್ರದ ಕೇಬಲ್ ಹಾಕಿಸಿತು. ಆ ತೀರ್ಮಾನದ ಫಲವನ್ನು ಇಂದಿಗೂ ಜನ ಉಣ್ಣುತ್ತಿದ್ದಾರೆ: ಫೈಬರ್ ಬಳಕೆಯಲ್ಲಿ ಯುರೋಪಿನ ಅತಿ ದೊಡ್ಡ ಆರ್ಥಿಕತೆ ಶ್ರೀಮಂತ ದೇಶಗಳ ಪಟ್ಟಿಯ ಕೆಳಗಿನ ಸಾಲಿನಲ್ಲಿದೆ. ಹೀಗಾಗಿ ಒಂದು ಜರ್ಮನ್ ಮನೆಯ ಗೋಡೆಯಲ್ಲಿ ಮೂರು ಕಾಲದ ಮೂರು ಜಾಲಗಳು ಸಿಗಬಹುದು. ಹಳೆಯ ಟೆಲಿಫೋನ್ ತಂತಿಯ ಸಾಕೆಟ್ಟಿನ ಮೇಲೆ ಎಫ್ ಮತ್ತು ಎನ್ ಅಕ್ಷರಗಳಿರುತ್ತವೆ. ಡಿಎಸ್‌ಎಲ್ ಎಂಬ ಇಂಟರ್ನೆಟ್ ಸೇವೆ ಬರುವುದು ಅದರಲ್ಲಿ. ಟಿವಿ ಕೇಬಲ್ಲಿನ ದುಂಡು ಸಾಕೆಟ್ಟಿನಲ್ಲಿ ಎರಡೇ ತೂತಿದ್ದರೆ ಟಿವಿ ಮತ್ತು ರೇಡಿಯೊ ಮಾತ್ರ. ಮೂರನೆಯದೂ ಇದ್ದರೆ ಅದು ಇಂಟರ್ನೆಟ್ಟಿಗೆ. ಫೈಬರ್ ಬಂದಿದ್ದರೆ ಒಂದು ಪುಟ್ಟ ಬಿಳಿ ಪೆಟ್ಟಿಗೆ ಇರುತ್ತದೆ, ಹೆಚ್ಚಿನ ಹಳೆಯ ಮನೆಗಳಲ್ಲಿ ಅದು ಇರುವುದಿಲ್ಲ. ಮನೆ ನೋಡಲು ಹೋದಾಗ ಅಡುಗೆಮನೆ, ಬಾಲ್ಕನಿಗಳ ಜೊತೆ ಈ ಗೋಡೆಯ ಫೋಟೊ ತೆಗೆದುಕೊಂಡು ಬಂದರೆ, ಹತ್ತು ಜಾಹೀರಾತು ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಆದರೆ ಸಾಕೆಟ್ ಇದ್ದ ಮಾತ್ರಕ್ಕೆ ವೇಗ ಇರಬೇಕೆಂದಿಲ್ಲ. ಡಿಎಸ್‌ಎಲ್‌ನಲ್ಲಿ ವೇಗವನ್ನು ನಿರ್ಧರಿಸುವುದು ರಸ್ತೆ ಬದಿಯ ಬೂದು ಪೆಟ್ಟಿಗೆಯಿಂದ ನಿಮ್ಮ ಮನೆಗೆ ಇರುವ ತಾಮ್ರದ ತಂತಿಯ ಉದ್ದ ಮತ್ತು ಅದರ ಸ್ಥಿತಿ. ಕೇಬಲ್ಲಿನಲ್ಲಿ ಇಡೀ ಬೀದಿಯವರು ಒಂದೇ ಸಾಮರ್ಥ್ಯವನ್ನು ಹಂಚಿಕೊಳ್ಳುವುದರಿಂದ, ಮಧ್ಯಾಹ್ನ ಓಡುವ ಕನೆಕ್ಷನ್ ರಾತ್ರಿ ಎಂಟಕ್ಕೆ, ಎಲ್ಲರೂ ಸಿನಿಮಾ ಹಚ್ಚಿ ಕೂತಾಗ, ಕುಂಟಬಹುದು. ಪಕ್ಕದ ಬೀದಿಯ ಅನುಭವ ನಿಮ್ಮ ಬೀದಿಗೆ ಅನ್ವಯಿಸುವುದಿಲ್ಲ. ಎಷ್ಟೋ ಸಲ ಕೆಳಗಿನ ಮಹಡಿಯ ಅನುಭವ ಮೇಲಿನ ಮಹಡಿಗೂ ಅನ್ವಯಿಸುವುದಿಲ್ಲ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತೇ ಇರುವುದಿಲ್ಲ. 1&1, ಓ2, ವೋಡಾಫೋನ್ ಮೊದಲಾದವು ಮಾರುವ ಡಿಎಸ್‌ಎಲ್ ಬಹುತೇಕ ಕಡೆ ಬರುವುದು ಡಾಯ್ಚ ಟೆಲಿಕಾಮ್‌ನದೇ ತಂತಿಯ ಮೇಲೆ. ಬಿಲ್ಲಿನ ಮೇಲಿನ ಹೆಸರು ಬೇರೆ, ನೆಲದೊಳಗಿನ ತಾಮ್ರ ಒಂದೇ. ವೋಡಾಫೋನಿನದೇ ಕೇಬಲ್ ಕನೆಕ್ಷನ್ ಪೂರ್ತಿ ಬೇರೆ ಜಾಲ. ಒಂದೇ ಕಂಪನಿಯ ಎರಡು ಪ್ಲ್ಯಾನ್‌ಗಳು ಎರಡು ಭಿನ್ನ ಜಾಲಗಳ ಮೇಲಿರಬಹುದು, ಎರಡು ಕಂಪನಿಗಳ ಪ್ಲ್ಯಾನ್‌ಗಳು ಒಂದೇ ತಂತಿಯ ಮೇಲಿರಬಹುದು. ಹೀಗಿರುವಾಗ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾವ ಕಂಪನಿ ಒಳ್ಳೆಯದು’ ಎಂದು ಕೇಳಿ, ಪ್ರೀತಿಯಿಂದಲೇ ಬಂದ ಇಪ್ಪತ್ತು ಉತ್ತರಗಳನ್ನು ಎಣಿಸಿ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ಆ ಇಪ್ಪತ್ತೂ ಜನ ಹೇಳಿದ್ದು ತಮ್ಮ ತಮ್ಮ ಮನೆಯ ವಿಳಾಸದ ಬಗ್ಗೆ. ನಿಮ್ಮ ವಿಳಾಸದ ಸತ್ಯ ನಿಮಗೆ ತಿಳಿಯುವುದು ರೌಟರ್ ಹಚ್ಚಿ ನಾಲ್ಕು ವಾರ ಬಳಸಿದ ಮೇಲೆಯೇ. ಆ ನಾಲ್ಕು ವಾರದ ನಂತರವೂ ಕೈಯಲ್ಲಿ ಆಯ್ಕೆ ಉಳಿಯಬೇಕಾದರೆ ಕರಾರು ಚಿಕ್ಕದಿರಬೇಕು.

ವೇಗದ ಆಕರ್ಷಣೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ದೀರ್ಘ ಕರಾರನ್ನು ಮಾರುವುದೇ ವೇಗದ ಹೆಸರಿನಲ್ಲಿ. ಎಚ್‌ಡಿ ವಿಡಿಯೊ ಕರೆಗೆ ನಾಲ್ಕು ಎಂಬಿಪಿಎಸ್ ಒಳಗೇ ಸಾಕು. 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15. ಮನೆಯಿಂದ ಕೆಲಸ ಮಾಡುವ ಇಬ್ಬರು, ಟಿವಿ ನೋಡುವ ಒಂದು ಮಗು ಇರುವ ಸಂಸಾರಕ್ಕೆ ಸ್ಥಿರವಾಗಿ ಬರುವ 50 ಎಂಬಿಪಿಎಸ್ ಧಾರಾಳವಾಗುತ್ತದೆ. ಹೊಸಬರಿಗೆ ನಿಜವಾಗಿ ಬೇಕಾದದ್ದು ಅಪ್‌ಲೋಡ್: ಅಮ್ಮನಿಗೆ ಮೊಮ್ಮಗುವಿನ ಮುಖ ಒಡೆಯದೆ ಕಾಣಬೇಕಾದರೆ ಜರ್ಮನಿಯಿಂದ ಹೋಗುವ ಚಿತ್ರ ಗಟ್ಟಿಯಾಗಿರಬೇಕು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಡೌನ್‌ಲೋಡ್ ಅಂಕಿ. ಡಿಎಸ್‌ಎಲ್‌ನ 100ರ ಪ್ಲ್ಯಾನಿಗೂ 250ರ ಪ್ಲ್ಯಾನಿಗೂ ಸಾಮಾನ್ಯವಾಗಿ ಅಪ್‌ಲೋಡ್ ಒಂದೇ, 40. ಕೇಬಲ್ಲಿನ 1000ದ ಪ್ಲ್ಯಾನಿನಲ್ಲಿ ಅಪ್‌ಲೋಡ್ ಬಹಳ ಕಡೆ 50 ಅಷ್ಟೇ. ದೊಡ್ಡ ಅಂಕಿಗೆ ಮರುಳಾಗಿ ಎರಡು ವರ್ಷ ಕಟ್ಟುವ ಹೆಚ್ಚಿನ ಹಣದಿಂದ ಊರಿನ ಜೊತೆಗಿನ ಮಾತುಕತೆ ಕೂದಲೆಳೆಯಷ್ಟೂ ಸುಧಾರಿಸದೆ ಇರಬಹುದು.

ಈಗ ದರದ ಪ್ರಶ್ನೆ. ದೀರ್ಘ ಕರಾರು ಅಗ್ಗ, ಚಿಕ್ಕ ಕರಾರು ದುಬಾರಿ ಎಂಬುದು ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ, ಅದರಲ್ಲಿ ಸತ್ಯವೂ ಇದೆ. ಲೆಕ್ಕ ಹಾಕಿಯೇ ನೋಡೋಣ. ಇವು ಯಾವುದೇ ಕಂಪನಿಯ ದರವಲ್ಲ, ಅಲ್ಲಿನ ದರಪಟ್ಟಿಗಳ ಅಂದಾಜಿಗೆ ಹತ್ತಿರವಿರುವ ಉದಾಹರಣೆ. 24 ತಿಂಗಳ ಪ್ಲ್ಯಾನಿನಲ್ಲಿ ಮೊದಲ ಆರು ತಿಂಗಳು 20 ಯೂರೊ, ಆಮೇಲಿನ ಹದಿನೆಂಟು ತಿಂಗಳು 45 ಯೂರೊ. ಕನೆಕ್ಷನ್ ಶುಲ್ಕ 70, ಸ್ವಂತ ರೌಟರಿಗೆ 120. ಒಟ್ಟು 1,120 ಯೂರೊ. ತಿಂಗಳ ನೋಟಿಸಿನಲ್ಲಿ ಬಿಡಬಹುದಾದ ಪ್ಲ್ಯಾನಿನಲ್ಲಿ ರಿಯಾಯಿತಿ ಇಲ್ಲ, ಮೊದಲಿನಿಂದಲೂ 45, ಉಳಿದದ್ದು ಅಷ್ಟೇ. ಎರಡು ವರ್ಷಕ್ಕೆ 1,270 ಯೂರೊ. ವ್ಯತ್ಯಾಸ 150 ಯೂರೊ, ಅಂದರೆ ತಿಂಗಳಿಗೆ ಆರೂಕಾಲು ಯೂರೊ. ಹತ್ತನೇ ತಿಂಗಳಿಗೆ ಬಿಡಬೇಕಾಗಿ ಬಂತೆನ್ನಿ. ಚಿಕ್ಕ ಕರಾರಿನವರು ಕಟ್ಟಿದ್ದು 640. ಹೊರಬರಲು ದಾರಿ ಸಿಗದ ದೀರ್ಘ ಕರಾರಿನವರು 1,120 ಯೂರೊ ಪೂರ್ತಿ ಕಟ್ಟಬೇಕು. 150 ಯೂರೊ ಉಳಿಸಲು ಹೋಗಿ 480 ಕಳೆದುಕೊಳ್ಳುವ ಸಾಧ್ಯತೆಯನ್ನು ತಲೆಯ ಮೇಲೆ ಹೊತ್ತುಕೊಂಡಂತಾಯಿತು. ಎರಡು ವರ್ಷ ಅದೇ ಮನೆಯಲ್ಲಿ ಇದ್ದೇ ಇರುತ್ತೇವೆಂದು ಎದೆ ತಟ್ಟಿ ಹೇಳಬಲ್ಲವರಿಗೆ ದೀರ್ಘ ಕರಾರು ಲಾಭ. ಮೊದಲ ವರ್ಷದಲ್ಲಿ ಹಾಗೆ ಹೇಳಬಲ್ಲವರು ಕಡಿಮೆ. ಕಂಪನಿ ಕೊಟ್ಟ ತಾತ್ಕಾಲಿಕ ಮನೆ, ಬೇರೆಯವರ ಮನೆಯ ಒಳಬಾಡಿಗೆ, ಹಾಸ್ಟೆಲ್, ಆಮೇಲೆ ಸಂಸಾರ ಬಂದಾಗ ದೊಡ್ಡ ಮನೆ ಎಂದು ಎರಡು ಮೂರು ಸಲ ಸಾಮಾನು ಕಟ್ಟುವುದೇ ಅಲ್ಲಿ ರೂಢಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು. ಕಾನೂನೇ ಗ್ರಾಹಕರ ಪರವಾಗಿದೆಯಲ್ಲ, ಹೆದರುವುದೇಕೆ ಎಂದು ತಿಳಿದವರು ಕೇಳುತ್ತಾರೆ. ಜರ್ಮನಿಯ ದೂರಸಂಪರ್ಕ ಕಾನೂನು 2021ರ ಡಿಸೆಂಬರ್ 1ರಿಂದ ನಿಜಕ್ಕೂ ಬಹಳ ಸುಧಾರಿಸಿದೆ. ಅದಕ್ಕೆ ಮೊದಲು, ರದ್ದತಿ ಪತ್ರ ಕಳಿಸಲು ಮರೆತರೆ ಕರಾರು ಮತ್ತೊಂದು ವರ್ಷ ತಾನಾಗಿ ಮುಂದುವರಿಯುತ್ತಿತ್ತು. ಈಗ ಮೊದಲ ಅವಧಿ ಮುಗಿದ ಮೇಲೆ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು. 12 ತಿಂಗಳು ಮೀರದ ಕರಾರೊಂದನ್ನು ಕಂಪನಿಗಳು ಗ್ರಾಹಕರ ಮುಂದೆ ಇಡಲೇಬೇಕು. ವೆಬ್‌ಸೈಟಿನಲ್ಲಿ ರದ್ದತಿ ಬಟನ್ ಇರಬೇಕೆಂಬ ನಿಯಮ 2022ರ ಜುಲೈನಿಂದ ಬಂದಿದೆ. ಮನೆ ಬದಲಿಸಿದಾಗ ಹೊಸ ವಿಳಾಸದಲ್ಲಿ ಕಂಪನಿಗೆ ಸೇವೆ ಕೊಡಲಾಗದಿದ್ದರೆ, ಒಂದು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು. ಹಿಂದೆ ಇದಕ್ಕೆ ಮೂರು ತಿಂಗಳು ಬೇಕಿತ್ತು. ದೇಶವನ್ನೇ ಬಿಟ್ಟು ಹೋಗುವವರಿಗೂ ಇದೇ ದಾರಿ.

ಇವೆಲ್ಲ ಒಳ್ಳೆಯ ನಿಯಮಗಳು, ನಾನು ಇವುಗಳ ಬೆಲೆಯನ್ನು ತಗ್ಗಿಸುವುದಿಲ್ಲ. ಆದರೆ ಕೊನೆಯ ನಿಯಮವನ್ನು ಇನ್ನೊಮ್ಮೆ ಓದಿ. ಹೊಸ ವಿಳಾಸದಲ್ಲಿ ಕಂಪನಿಗೆ ಸೇವೆ ‘ಕೊಡಲಾಗದಿದ್ದರೆ’ ಮಾತ್ರ ಬಿಡುಗಡೆ. ಟೆಲಿಕಾಮ್‌ನ ತಾಮ್ರದ ತಂತಿ ಹೆಚ್ಚುಕಡಿಮೆ ಎಲ್ಲ ಊರಿಗೂ ಹೋಗಿರುವುದರಿಂದ, ಅದರ ಮೇಲೆ ಸೇವೆ ಮಾರುವವರು ಹೆಚ್ಚಿನ ಕಡೆ ‘ಕೊಡುತ್ತೇವೆ’ ಎನ್ನಬಲ್ಲರು. ಹೊಸ ಮನೆಯಲ್ಲಿ ಫೈಬರ್ ಇದ್ದರೂ ನೀವು ಹಳೆಯ ಕರಾರಿನ ಡಿಎಸ್‌ಎಲ್ ಹೊತ್ತುಕೊಂಡೇ ಹೋಗಬೇಕಾಗಬಹುದು. ಮದುವೆಯಾಗಿ ಸಂಗಾತಿಯ ಮನೆ ಸೇರಿದಿರಿ, ಅಲ್ಲಿ ಆಗಲೇ ಕನೆಕ್ಷನ್ ಇದೆ ಎಂಬುದನ್ನು ಕಾನೂನು ಬಿಡುಗಡೆಯ ಕಾರಣಗಳಲ್ಲಿ ಬರೆದಿಲ್ಲ. ಬಾಡಿಗೆಯೊಳಗೇ ಇಂಟರ್ನೆಟ್ ಸೇರಿರುವ ಹಾಸ್ಟೆಲ್ಲಿಗೆ ಹೋದರೂ ಅಷ್ಟೇ ಕಥೆ. ವೇಗ ಕಡಿಮೆ ಬಂದರೆ ದರ ಕಡಿತ ಅಥವಾ ಕರಾರು ರದ್ದು ಕೇಳುವ ಹಕ್ಕೂ ಇದೆ. ಅದನ್ನು ಬಳಸಲು ಬುಂಡೆಸ್‌ನೆಟ್ಸ್‌ಅಗೆಂಟೂರ್ ಎಂಬ ನಿಯಂತ್ರಣ ಸಂಸ್ಥೆಯ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು, ರೌಟರಿಗೆ ತಂತಿ ಜೋಡಿಸಬೇಕು, ಬೇರೆ ಬೇರೆ ಮೂರು ದಿನಗಳಲ್ಲಿ ಒಟ್ಟು 30 ಸಲ ಅಳೆಯಬೇಕು, ಆ ವರದಿ ಹಿಡಿದು ಜರ್ಮನ್ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸಬೇಕು. ಜರ್ಮನ್ ಬಲ್ಲ, ಬಿಡುವಿರುವ ನಾಗರಿಕರಿಗೆ ಇದು ಸಾಧ್ಯ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟು ಸಂಜೆ ಭಾಷೆಯ ಕ್ಲಾಸಿಗೆ ಹೋಗುವ ಹೊಸಬರಿಗೆ ಆ ಹಕ್ಕು ಕಾಗದದ ಮೇಲೆ ಉಳಿಯುವುದೇ ಹೆಚ್ಚು. ಚಿಕ್ಕ ಕರಾರಿದ್ದರೆ ಇದ್ಯಾವುದನ್ನೂ ಸಾಬೀತು ಮಾಡಬೇಕಾಗಿಲ್ಲ. ಕಾರಣ ಕೊಡದೆ ಬಿಡಬಹುದು. ಹೊಸಬರಿಗೆ ಕಾನೂನಿನ ರಕ್ಷಣೆಗಿಂತ ಈ ಸ್ವಾತಂತ್ರ್ಯ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬುತ್ತೇನೆ.

ಮೂರನೆಯ ಆಕ್ಷೇಪ, ಸಂಸಾರ ಸಮೇತ ಬರುವವರದು: ನಮಗೆ ಕಾಯಂ ಕೆಲಸ, ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ, ಮಕ್ಕಳಿಗೆ ಶಾಲೆ ಎಲ್ಲ ಗೊತ್ತಾಗಿದೆ, ನಾವು ಓಡಾಡುವವರಲ್ಲ. ಅವರಿಗೂ ನನ್ನ ಸಲಹೆ ಅದೇ, ಆದರೆ ಸ್ವಲ್ಪ ಸಡಿಲಿಸಿ. ಪ್ರೊಬೇಷನ್ ಮುಗಿಯುವವರೆಗೆ ಕಾಯಿರಿ. ಆರು ತಿಂಗಳಲ್ಲಿ ಆ ಬೀದಿಯ ಜಾಲಗಳ ಸ್ಥಿತಿ, ಫೈಬರ್ ಬರುವ ಸೂಚನೆ, ನೆರೆಯವರ ಅನುಭವ ಎಲ್ಲ ತಿಳಿದಿರುತ್ತದೆ. ಆಮೇಲೆ ಮಾಡುವ ದೀರ್ಘ ಕರಾರು ತಿಳಿದು ಮಾಡಿದ್ದಾಗಿರುತ್ತದೆ. ಅಷ್ಟರಲ್ಲಿ ಊರಿನದೇ ಕಂಪನಿಗಳೂ ಕಣ್ಣಿಗೆ ಬಿದ್ದಿರುತ್ತವೆ. ಮ್ಯೂನಿಕ್ಕಿನ ಎಂ-ನೆಟ್, ಕಲೋನಿನ ನೆಟ್‌ಕಲೋನ್ ತಮ್ಮ ಊರುಗಳಲ್ಲಿ ಸ್ವಂತ ಫೈಬರ್ ಎಳೆದಿವೆ. ದರ ಹೋಲಿಕೆ ಮಾಡುವ ಜಾಲತಾಣಗಳ ಮೊದಲ ಪುಟವನ್ನಷ್ಟೇ ನೋಡಿದರೆ ಇಂಥವು ತಪ್ಪಿಹೋಗಬಹುದು. ಆ ಜಾಲತಾಣಗಳು ಕಮಿಷನ್ನಿನ ಮೇಲೆ ನಡೆಯುವ ವ್ಯಾಪಾರ ಎಂಬುದನ್ನೂ ಮರೆಯಬಾರದು.

ಹಾಗಾದರೆ ಮೊದಲ ವಾರ ಏನು ಮಾಡಬೇಕು? ಕನೆಕ್ಷನ್ ಬರಲು ವಾರಗಳೇ ಹಿಡಿಯಬಹುದು, ತಂತ್ರಜ್ಞರು ‘ಎಂಟರಿಂದ ಹನ್ನೆರಡರ ಒಳಗೆ’ ಎಂಬಂಥ ಸಮಯ ಕೊಡುತ್ತಾರೆ. ಜರ್ಮನಿಯ ಹೆಚ್ಚಿನ ಕಟ್ಟಡಗಳಲ್ಲಿ ಮನೆಗೆ ನಂಬರ್ ಇರುವುದಿಲ್ಲ, ಬಾಗಿಲ ಕರೆಗಂಟೆಯ ಮೇಲೆ ಬರೆದ ಹೆಸರೇ ಗುರುತು. ಕರೆಗಂಟೆಯ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಉಳಿದಿದ್ದರೆ ಬಂದವರು ಹಾಗೇ ತಿರುಗಿ ಹೋಗುತ್ತಾರೆ. ತಂತಿ ಕಟ್ಟಡಕ್ಕೆ ಬರುವುದು ನೆಲಮಾಳಿಗೆಯಲ್ಲಿ, ಅದರ ಬೀಗದಕೈ ಕಟ್ಟಡದ ಉಸ್ತುವಾರಿಯವರ ಹತ್ತಿರ. ಆ ದಿನ ಅವರು ಸಿಗದಿದ್ದರೆ ಮತ್ತೆ ಮುಂದಿನ ದಿನಾಂಕ. ಕಂಪನಿಯ ಕಡೆಯವರೇ ಹೇಳಿದ ಸಮಯಕ್ಕೆ ಬಾರದಿದ್ದರೆ 10 ಯೂರೊ ಅಥವಾ ಇಂಟರ್ನೆಟ್ಟಿನ ತಿಂಗಳ ಶುಲ್ಕದ ಶೇ 20, ಯಾವುದು ಹೆಚ್ಚೋ ಅದನ್ನು ಪರಿಹಾರವಾಗಿ ಕೇಳಬಹುದು. ಈ ನಡುವಿನ ವಾರಗಳಿಗೆ ಮೊಬೈಲ್ ಸಿಮ್ ಅಥವಾ ಗೋಡೆಯ ಪ್ಲಗ್ಗಿಗೆ ಹಾಕಿದರೆ ನಡೆಯುವ 5ಜಿ ರೌಟರ್ ಸಾಕು. ಪ್ರೀಪೇಯ್ಡ್ ಸಿಮ್ಮಿಗೂ 2017ರಿಂದ ಗುರುತಿನ ಪರಿಶೀಲನೆ ಕಡ್ಡಾಯ, ಆದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಿಗ್ನಲ್ ಚೆನ್ನಾಗಿರುವ ಬಡಾವಣೆಯಲ್ಲಿ ಒಬ್ಬರೇ ಇರುವವರು ಇದರಲ್ಲೇ ವರ್ಷ ಕಳೆದರೂ ತಪ್ಪಿಲ್ಲ. ಜರ್ಮನ್ ಖಾತೆ ಇನ್ನೂ ಆಗಿಲ್ಲ, ಬೇರೆ ಯುರೋಪಿಯನ್ ಒಕ್ಕೂಟದ ದೇಶದ ಖಾತೆ ಇದೆ ಎಂದರೆ, ಆ ಖಾತೆಯ ನಂಬರನ್ನು ಬೇಡವೆನ್ನುವ ಅಧಿಕಾರ ಕಂಪನಿಗಿಲ್ಲ.

ಎಲ್ಲಿ ಸಹಿ ಹಾಕುತ್ತೀರಿ ಎಂಬುದೂ ಮುಖ್ಯ. ಭಾಷೆ ಬಾರದ ಊರಿನಲ್ಲಿ ಎದುರಿಗೆ ಮನುಷ್ಯರು ಸಿಕ್ಕರೆ ಧೈರ್ಯ ಬರುತ್ತದೆ, ಹೊಸಬರು ಅಂಗಡಿಗೆ ಹೋಗಿ ಕರಾರು ಮಾಡಿಕೊಳ್ಳುವುದು ಅದಕ್ಕೇ. ಆದರೆ ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ, ಮನೆಬಾಗಿಲಲ್ಲಿ ಆದ ಕರಾರನ್ನು 14 ದಿನದೊಳಗೆ ಕಾರಣ ಹೇಳದೆ ಹಿಂಪಡೆಯಬಹುದು. ಅಂಗಡಿಯಲ್ಲಿ ಕೂತು ಹಾಕಿದ ಸಹಿಗೆ ಈ ಹಕ್ಕಿಲ್ಲ. ಫೋನಿನಲ್ಲಿ ಹೂಂ ಎಂದ ಮಾತ್ರಕ್ಕೆ ಕರಾರು ಆಗುವುದಿಲ್ಲ, ಕರಾರಿನ ಸಾರಾಂಶ ಬರಹದಲ್ಲಿ ಬಂದು, ಅದನ್ನು ನೀವು ಬರಹದಲ್ಲಿ ಒಪ್ಪಿದ ಮೇಲೆಯೇ ಅದಕ್ಕೆ ಜೀವ. ಆ ಸಾರಾಂಶವನ್ನು ಕೊಡುವುದು ಕಡ್ಡಾಯ. ಅದರಲ್ಲಿ ಅವಧಿ ಮತ್ತು ರದ್ದತಿಯ ಷರತ್ತುಗಳ ಸಾಲನ್ನು ಅನುವಾದದ ಆ್ಯಪ್ ಹಿಡಿದು ಓದಿದರೂ ಐದು ನಿಮಿಷದ ಕೆಲಸ. ಬಾಗಿಲಿಗೆ ಬಂದು, ಬೀದಿಗೆ ಫೈಬರ್ ಬರುತ್ತಿದೆ, ಈಗಲೇ ಸಹಿ ಹಾಕಿದರೆ ಅಗೆತದ ಖರ್ಚಿಲ್ಲ ಎನ್ನುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇನ್ನೂ ಅಗೆಯದ ಬೀದಿಯ ಫೈಬರ್ ಬರುವ ಹೊತ್ತಿಗೆ ನೀವು ಆ ಮನೆಯಲ್ಲಿ ಇರುತ್ತೀರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಎಲ್ಲ ಹೊಣೆಯನ್ನೂ ಹೊಸಬರ ಮೇಲೆ ಹಾಕುವುದು ನ್ಯಾಯವಲ್ಲ ಎಂಬ ಮಾತನ್ನೂ ಒಪ್ಪುತ್ತೇನೆ. 24 ತಿಂಗಳು ಪ್ರಕೃತಿ ನಿಯಮವೇನಲ್ಲ. ಯುರೋಪಿಯನ್ ಒಕ್ಕೂಟದ ಕಾನೂನು ಹಾಕಿದ್ದು ಗರಿಷ್ಠ ಮಿತಿ. ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಲು ಸದಸ್ಯ ದೇಶಗಳಿಗೆ ಸ್ವಾತಂತ್ರ್ಯವಿದೆ. ನೆರೆಯ ಡೆನ್ಮಾರ್ಕ್ ಗ್ರಾಹಕರನ್ನು ಆರು ತಿಂಗಳಿಗಿಂತ ಹೆಚ್ಚು ಕಟ್ಟಿಹಾಕಲು ಟೆಲಿಕಾಂ ಕಂಪನಿಗಳಿಗೆ ಬಿಡುವುದಿಲ್ಲ. ಜರ್ಮನಿಯಲ್ಲೂ ಕ್ರಿಸ್ಟಿನೆ ಲಾಂಬ್ರೆಕ್ಟ್ ನ್ಯಾಯ ಸಚಿವೆಯಾಗಿದ್ದಾಗ ಇಂಥ ಗ್ರಾಹಕ ಕರಾರುಗಳನ್ನು ಒಂದು ವರ್ಷಕ್ಕೆ ಮಿತಿಗೊಳಿಸುವ ಪ್ರಸ್ತಾವವಿತ್ತು; ಕೊನೆಗೆ ಎರಡು ವರ್ಷವೇ ಉಳಿಯಿತು. ಹೊರಗಿನಿಂದ ಕೆಲಸಗಾರರು ಬರಬೇಕೆಂದು ವೀಸಾ ನಿಯಮ ಸಡಿಲಿಸುವ ದೇಶ, ಅವರು ಬಂದಿಳಿದ ಮೊದಲ ತಿಂಗಳಲ್ಲೇ ಬೀಳುವ ಈ ಗುಂಡಿಯನ್ನು ಮುಚ್ಚುವ ಬಗ್ಗೆ ಮತ್ತೆ ಯೋಚಿಸಬೇಕು. ಅಲ್ಲಿಯವರೆಗೆ ನೇಮಿಸಿಕೊಳ್ಳುವ ಕಂಪನಿಗಳು, ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಸ್ವಾಗತದ ಕಡತದಲ್ಲಿ ಆರೋಗ್ಯ ವಿಮೆ, ವಿಳಾಸ ನೋಂದಣಿಯ ಜೊತೆ ಈ ಒಂದು ಪುಟವನ್ನೂ ಸೇರಿಸಲಿ. ಜರ್ಮನಿಯ ಊರೂರುಗಳ ಕನ್ನಡ ಸಂಘಗಳಿಗೂ ನನ್ನದೊಂದು ಕೋರಿಕೆ. ಯಾವ ಕಂಪನಿ ಒಳ್ಳೆಯದು ಎಂಬ ಪಟ್ಟಿಗಿಂತ, ಕರಾರಿನ ಸಾರಾಂಶ ಓದುವುದು ಹೇಗೆ, ರದ್ದತಿ ಪತ್ರ ಬರೆಯುವುದು ಹೇಗೆ ಎಂಬ ಎರಡು ಪುಟದ ಕನ್ನಡ ಕೈಪಿಡಿ ಹೊಸದಾಗಿ ಬಂದವರಿಗೆ ಹೆಚ್ಚು ಆಸರೆಯಾಗುತ್ತದೆ.

ಆಗಲೇ ದೀರ್ಘ ಕರಾರಿನಲ್ಲಿದ್ದು ದೇಶ ಬಿಡುವ ಸಿದ್ಧತೆಯಲ್ಲಿರುವವರು ದಯವಿಟ್ಟು ಇಷ್ಟು ಮಾಡಿ. ಹೊರಡುವ ದಿನಾಂಕ ಗೊತ್ತಾದ ಕೂಡಲೇ ರದ್ದತಿಯನ್ನು ಬರಹದಲ್ಲಿ ಕಳಿಸಿ, ಮನೆ ಬದಲಾವಣೆಯ ಕಾರಣದ ವಿಶೇಷ ರದ್ದತಿ ಎಂದು ಸ್ಪಷ್ಟವಾಗಿ ನಮೂದಿಸಿ. ನಗರಸಭೆಯಲ್ಲಿ ವಿಳಾಸ ತೆಗೆಸಿದ ಪತ್ರ ಸಿಕ್ಕ ಮೇಲೆ ಅದರ ಪ್ರತಿಯನ್ನೂ ಕಳಿಸಿ, ಕಂಪನಿಯ ದೃಢೀಕರಣ ಬರುವವರೆಗೆ ಬೆನ್ನು ಬಿಡಬೇಡಿ. ಬಾಡಿಗೆಯ ರೌಟರನ್ನು ಅಂಚೆಯಲ್ಲಿ ಹಿಂತಿರುಗಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಕೊನೆಯ ಬಿಲ್ಲು ಕಟ್ಟುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.